ಬಾವಿಗೆ ಬಿದ್ದ ದನಿ

ಹಿರಿಯ ಹಾಡುಗಾರರೊಬ್ಬರ ದನಿಯನ್ನು ಬಾವಿಗೆ ನೂಕಿದ ಆರೋಪ ಒಮ್ಮೆ ನನ್ನ ಮೇಲೆ ಬಂದಿತ್ತು. ಆರೋಪ ಹೊರಿಸಿದವರು ಆ ದನಿಯ ಒಡೆಯರೇ. ಸ್ಥಳ, ಬೆಳಗಾವಿ ಜಿಲ್ಲೆಯ ಗೋಕಾಕ ಸೀಮೆಯ ಮೇಲವಂಕಿ. ಕಾಲ, 2018ರ ಬೇಸಿಗೆಯ ಒಂದು ಸಂಜೆ. ನಾನು ಧ್ವನಿಮುದ್ರಿಸಿ ಹದಗೊಳಿಸಿ ತಂದಿದ್ದ ಹಾಡನ್ನು ಹೆಡ್‌ಫೋನಿನಲ್ಲಿ ಕೇಳುತ್ತ ಕುಳಿತಿದ್ದ, ಎಂಬತ್ತರ ಆಸುಪಾಸಿನ ಆ ಅಜ್ಜ, ಅದನ್ನು ಕಿವಿಯಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡು ಹೇಳಿದರು: “ಮುಂದಿನವರೆಲ್ಲಾ ಕಟ್ಟಿ ಮ್ಯಾಲ ಕುಂತು ಹಾಡ್ಯಾರ. ನಾವು ಹಿಮ್ಮೇಳದವರು ಬಾವ್ಯಾಗ ಬಿದ್ದು ಹಾಡಿದಂಗ ಕೇಳತೈತೆಲ್ಲೊ ತಮ್ಮಾ!”

ನಾನು ವೃತ್ತಿಯಿಂದ ಧ್ವನಿಮುದ್ರಕ. ಆ ಹಾಡಿನ ಮೇಲೆ ಎಂಟು ದಿನ ಕೆಲಸ ಮಾಡಿದ್ದೆ. ಎಂಟು ದಿನದಲ್ಲಿ ನನ್ನ ಕಿವಿಗೆ ಬೀಳದ ದೋಷ ಅಜ್ಜನ ಕಿವಿಗೆ ಎರಡು ನಿಮಿಷದಲ್ಲಿ ಬಿದ್ದಿತ್ತು. ಮೊದಲು ನನಗೆ ಸಿಟ್ಟು ಬಂತು. ಮತ್ತೊಮ್ಮೆ ಕೇಳಿದೆ, ನಾಚಿಕೆಯಾಯಿತು. ಅಜ್ಜ ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಆ ದನಿ ಬಾವಿಗೆ ಬಿದ್ದದ್ದು ಹೇಗೆ, ಅದನ್ನು ಮೇಲೆತ್ತಿದ್ದು ಹೇಗೆ ಎಂಬುದನ್ನು ಹೇಳುವ ನೆಪದಲ್ಲಿ, ಇಂದಿನ ಧ್ವನಿಮುದ್ರಣದ ತಂತ್ರಾಂಶಗಳಲ್ಲಿ ದನಿಗಳನ್ನು ಗುಂಪುಗೂಡಿಸುವ, ಅವುಗಳಿಗೆ ದಾರಿ ಮಾಡಿಕೊಡುವ ಕಲೆಯನ್ನು ತಮ್ಮ ಮುಂದೆ ಬಿಚ್ಚಿಡಬೇಕೆಂದಿದ್ದೇನೆ. ಇದು ಯಂತ್ರದ ವಿಷಯವೆಂದು ದಯವಿಟ್ಟು ಬೇಸರಪಡಬಾರದು. ಹತ್ತು ಜನ ಕೂಡಿ ಹಾಡುವಾಗ ಒಬ್ಬೊಬ್ಬರಿಗೂ ಸಲ್ಲಬೇಕಾದ ಜಾಗ ಯಾವುದು ಎಂಬ ಹಳೆಯ ಪ್ರಶ್ನೆಯೇ ಇಲ್ಲಿ ಹೊಸ ವೇಷದಲ್ಲಿ ಬಂದು ನಿಂತಿದೆ.

ಗೋಕಾಕ, ಮೂಡಲಗಿ, ಹುಕ್ಕೇರಿಗಳ ಈ ಸೀಮೆ ಶ್ರೀಕೃಷ್ಣ ಪಾರಿಜಾತದ ತವರು. ಅಪರಾಳ ತಮ್ಮಣ್ಣನ ಕೃತಿಯನ್ನು ಕುಲಗೋಡ ತಮ್ಮಣ್ಣ ಆಟಕ್ಕೆ ಒಗ್ಗಿಸಿದನೆಂಬುದು ಪರಂಪರೆಯ ಮಾತು. ಕೌಜಲಗಿಯ ನಿಂಗಮ್ಮನ ಹೆಸರನ್ನಂತೂ ಈ ಭಾಗದ ಹಳಬರು ಇಂದಿಗೂ ಅಭಿಮಾನದಿಂದ ಹೇಳುತ್ತಾರೆ. ನಾರದ ತಂದ ಒಂದು ಹೂವು ರುಕ್ಮಿಣಿಯ ಪಾಲಾಯಿತೆಂದು ಸತ್ಯಭಾಮೆ ಮುನಿಯುವುದು, ಆ ಮುನಿಸನ್ನು ತಿಳಿಗೊಳಿಸಲು ಕೃಷ್ಣನೂ ದೂತಿಯೂ ಭಾಗವತನೂ ಇರುಳೆಲ್ಲ ಹೆಣಗುವುದು, ಇಷ್ಟೇ ಕಥೆ. ಕಥೆಗಿಂತ ಹಾಡು ಇಲ್ಲಿ ದೊಡ್ಡದು. ಮುಂದಿನವರು ಒಂದು ಸಾಲು ಹಾಡಿ ಬಿಟ್ಟರೆ ಹಿಮ್ಮೇಳದವರು ಅದರ ತುದಿ ಹಿಡಿದು ಎಳೆದು, ತಿರುವಿ, ಮತ್ತೆ ಅವರ ಕೈಗೆ ಒಪ್ಪಿಸಬೇಕು. ಮುಂದಿನವರು ಉಸಿರು ತೆಗೆದುಕೊಳ್ಳುವುದೇ ಆ ಹೊತ್ತಿನಲ್ಲಿ. ನೋಡುವವರ ಕಣ್ಣು ಸತ್ಯಭಾಮೆಯ ಮೇಲೆ ಇರುತ್ತದೆ, ನಿಜ. ಆದರೆ ಅವಳನ್ನು ಹೊತ್ತು ನಡೆಸುವವರು ಹಿಂದೆ ನಿಂತಿರುತ್ತಾರೆ. ನಮ್ಮ ಅಜ್ಜ ಹೀಗೆ ಹಿಂದೆ ನಿಂತವರು. ಐವತ್ತು ವರ್ಷಕ್ಕೂ ಮಿಕ್ಕಿ ಹಿಮ್ಮೇಳ ಹಾಡಿದವರು.

ಈ ದನಿಗಳನ್ನು ಯಂತ್ರದಲ್ಲಿ ಹಿಡಿಯುವ ಹಳೆಯ ಕ್ರಮ ಬಹಳ ಸರಳವಾಗಿತ್ತು. ಧಾರವಾಡದಲ್ಲಿ ಆಕಾಶವಾಣಿ ನಿಲಯ ಪ್ರಾರಂಭವಾದದ್ದು 1950ರಲ್ಲಿ. ಅಂದಿನ ದಿನಗಳಲ್ಲಿ ಹಾಡುವ ಮೇಳವೊಂದು ಬಂದರೆ ಅವರ ನಡುವೆ ಒಂದೋ ಎರಡೋ ಮೈಕು. ದನಿಗಳ ಹೆಚ್ಚುಕಡಿಮೆಯನ್ನು ನಿರ್ಧರಿಸುತ್ತಿದ್ದುದು ಗುಂಡಿಗಳಿಗಿಂತ ಹೆಚ್ಚಾಗಿ ಜಮಖಾನೆ. ದೊಡ್ಡ ಕಂಠದವರು ಒಂದು ಮೊಳ ಹಿಂದೆ ಸರಿಯಬೇಕು, ಸಣ್ಣ ಕಂಠದವರು ಮುಂದೆ ಬರಬೇಕು, ತಾಳದವರು ಮೂಲೆಗೆ ಹೋಗಬೇಕು. ಹೀಗೆ ಕುಳ್ಳಿರಿಸಿದ್ದೇ ಮಿಶ್ರಣ. ಒಮ್ಮೆ ಹಾಡಿ ಮುಗಿಸಿದರೆ ಆಯಿತು. ಯಾರ ದನಿ ಎಷ್ಟು ಎಂಬುದು ಮುಗಿದುಹೋದ ತೀರ್ಮಾನ. ಆ ಕ್ರಮದಲ್ಲಿ ಒಂದು ದೊಡ್ಡ ಗುಣವೂ ಇತ್ತು. ಹಾಡುವವರು ಒಬ್ಬರ ದನಿಯನ್ನು ಒಬ್ಬರು ಕೇಳಿ ತಾವೇ ತಗ್ಗುತ್ತಿದ್ದರು, ತಾವೇ ಏರುತ್ತಿದ್ದರು. ಮೇಳವೇ ತನ್ನನ್ನು ತಾನು ಬೆರೆಸಿಕೊಳ್ಳುತ್ತಿತ್ತು.

ಈಗಿನ ಕ್ರಮ ಬೇರೆ. ಮೇಲವಂಕಿಯಲ್ಲಿ ನಾವು ಮಾಡಿದ್ದನ್ನೇ ಹೇಳುತ್ತೇನೆ. ವೇಷಗಳಿಲ್ಲದೆ, ಗುಡಿಯ ಕಟ್ಟೆಯ ಮೇಲೆ ಕುಳಿತು ಹಾಡುವ ಬೈಠಕು. ಸುತ್ತಲಿನ ಊರುಗಳಿಂದ ಬಂದ ಕಲಾವಿದರು. ಭಾಗವತ, ಕೃಷ್ಣ, ಸತ್ಯಭಾಮೆ, ದೂತಿ ಈ ನಾಲ್ವರಿಗೆ ನಾಲ್ಕು ಮೈಕು, ಹಿಮ್ಮೇಳದ ಮೂವರಿಗೆ ಮೂರು, ಪೇಟಿಗೆ ಒಂದು, ತಬಲೆಯ ಎಡ-ಬಲಗಳಿಗೆ ಎರಡು, ತಾಳಕ್ಕೆ ಒಂದು, ಕಟ್ಟೆಯ ಬಯಲಿನ ಗಾಳಿಯನ್ನೂ ಕೇಳುವವರ ಉದ್ಗಾರಗಳನ್ನೂ ಹಿಡಿಯಲು ದೂರದಲ್ಲಿ ಎರಡು. ಒಟ್ಟು 13. ಒಂದೊಂದು ಮೈಕಿನ ದನಿಯೂ ಗಣಕಯಂತ್ರದಲ್ಲಿ ತನ್ನದೇ ಆದ ಒಂದು ಪಟ್ಟಿಯಲ್ಲಿ ಮುದ್ರಿತವಾಗುತ್ತದೆ. ಇದಕ್ಕೆ ಟ್ರ್ಯಾಕು ಎನ್ನುತ್ತಾರೆ. ಹದಿಮೂರು ಟ್ರ್ಯಾಕುಗಳು ತೆರೆಯ ಮೇಲೆ ಒಂದರ ಕೆಳಗೊಂದು, ಉತ್ತ ಹೊಲದ ಸಾಲುಗಳಂತೆ, ಕಾಣುತ್ತವೆ. ಪ್ರತಿಯೊಂದಕ್ಕೂ ಏರಿಸಿ ಇಳಿಸುವ ಒಂದು ಜಾರುಗುಂಡಿ. ಅದರ ಹೆಸರು ಫೇಡರು. ಹಾಡು ಮುಗಿದು ಹಾಡಿದವರು ಊರಿಗೆ ಹೋದ ಮೇಲೂ, ಇವರನ್ನು ಮುಂದೆ, ಅವರನ್ನು ಹಿಂದೆ ಕೂರಿಸುವ ಅಧಿಕಾರ ಧ್ವನಿಮುದ್ರಕನ ಕೈಯಲ್ಲಿ ಉಳಿಯುತ್ತದೆ. ಜಮಖಾನೆ ಈಗ ಅವನ ಮೇಜಿನ ಮೇಲಿದೆ.

ಅಧಿಕಾರ ಬಂದೊಡನೆ ಆಡಳಿತದ ತೊಡಕೂ ಬರುತ್ತದೆ. ಹದಿಮೂರು ಫೇಡರುಗಳನ್ನು ಒಂದೊಂದಾಗಿ ಸರಿಸುತ್ತ ಕುಳಿತರೆ ಕೆಲಸ ಸಾಗದು. ತಬಲೆಯ ಬಲವನ್ನು ಏರಿಸಿದರೆ ಎಡವನ್ನೂ ಅಷ್ಟೇ ಏರಿಸಬೇಕು. ಹಿಮ್ಮೇಳವನ್ನು ತುಸು ತಗ್ಗಿಸಬೇಕೆಂದರೆ ಮೂರು ಗುಂಡಿಗಳನ್ನು ಸರಿಸಬೇಕು. ಸರಿಸುವಾಗ ಆ ಮೂವರ ನಡುವಿನ ಹದ ತಪ್ಪಬಾರದು. ಸಿನಿಮಾದ ಹಾಡಿಗೆ ನೂರು ಟ್ರ್ಯಾಕುಗಳಿರುವುದು ಈಗ ಅಪರೂಪವಲ್ಲ. ಆದುದರಿಂದಲೇ ಗುಂಪುಗಳ ಏರ್ಪಾಟು ಹುಟ್ಟಿತು. ಟ್ರ್ಯಾಕು ನೇರವಾಗಿ ಕಡೆಯ ಹೊರಬಾಗಿಲಿಗೆ ಹೋಗುವುದಿಲ್ಲ. ಮೊದಲು ತನ್ನ ಗುಂಪಿಗೆ ಹೋಗುತ್ತದೆ. ಗುಂಪುಗಳೆಲ್ಲ ಕೂಡಿ ಕಡೆಯ ಬಾಗಿಲಿಗೆ ಹೋಗುತ್ತವೆ. ಗುಂಪಿಗೂ ಒಂದು ಫೇಡರು ಇರುತ್ತದೆ.

ಈ ಗುಂಪಿನ ದಾರಿಗೆ ಧ್ವನಿಮುದ್ರಕರು ಇಟ್ಟುಕೊಂಡ ಹೆಸರು ಬಸ್ಸು. ಕೇಳಿದವರು ನಗುತ್ತಾರೆ. ಆದರೆ ಇದು ನಾವು ಹತ್ತಿ ಇಳಿಯುವ ಬಸ್ಸಿನ ದಾಯಾದಿಯೇ. ಲ್ಯಾಟಿನ್ ಭಾಷೆಯ ಆಮ್ನಿಬಸ್ ಎಂಬ ಮಾತಿಗೆ ‘ಎಲ್ಲರಿಗಾಗಿ’ ಎಂದು ಅರ್ಥ. ಎಲ್ಲರೂ ಹತ್ತಬಹುದಾದ ಗಾಡಿಗೆ ಆ ಹೆಸರು ಬಂತು. ಹಲವು ತಂತಿಗಳ ವಿದ್ಯುತ್ತು ಬಂದು ಸೇರುವ ಲೋಹದ ಪಟ್ಟಿಗೂ ಅದೇ ಹೆಸರು ಬಂತು. ಅಲ್ಲಿಂದ ದನಿಗಳು ಸೇರುವ ದಾರಿಗೂ ಅಂಟಿಕೊಂಡಿತು. ಯಾವ ಟ್ರ್ಯಾಕು ಯಾವ ಬಸ್ಸು ಹತ್ತಬೇಕು, ಎಲ್ಲಿ ಇಳಿದು ಯಾವುದಕ್ಕೆ ಬದಲಾಯಿಸಬೇಕು ಎಂದು ನಿಶ್ಚಯಿಸುವ ಕೆಲಸಕ್ಕೆ ರೂಟಿಂಗು ಎನ್ನುತ್ತಾರೆ. ದಾರಿ ಹಚ್ಚುವುದು ಎಂದರೆ ನಮ್ಮವರಿಗೆ ಬೇಗ ತಿಳಿದೀತು.

ನಮ್ಮ ಸೀಮೆಯವರಿಗೆ ಇನ್ನೂ ಹತ್ತಿರದ ಹೋಲಿಕೆ ಬೇಕಾದರೆ ಹೊಳೆಗಳನ್ನು ನೋಡಬಹುದು. ಹಿರಣ್ಯಕೇಶಿಯೂ ಮಾರ್ಕಂಡೇಯವೂ ಬಂದು ಘಟಪ್ರಭೆಯನ್ನು ಕೂಡುತ್ತವೆ. ಘಟಪ್ರಭೆ ಮುಂದೆ ಚಿಕ್ಕಸಂಗಮದಲ್ಲಿ ಕೃಷ್ಣೆಯನ್ನು ಕೂಡುತ್ತದೆ. ಹಳ್ಳಗಳು ಟ್ರ್ಯಾಕು, ಉಪನದಿ ಗುಂಪು, ಕೃಷ್ಣೆ ಕಡೆಯ ಹೊರಬಾಗಿಲು. ಒಂದು ವ್ಯತ್ಯಾಸವನ್ನು ಮಾತ್ರ ಇಲ್ಲಿಯೇ ಹೇಳಿಬಿಡಬೇಕು. ಕೃಷ್ಣೆಯ ನೀರಿನಿಂದ ಮಾರ್ಕಂಡೇಯದ ನೀರನ್ನು ಮರಳಿ ಬೇರ್ಪಡಿಸಲಾಗದು. ತಂತ್ರಾಂಶದಲ್ಲಾದರೋ ಕೆಳಗೆ ಹೊಳೆ ಕೂಡಿದ್ದರೂ ಮೇಲೆ ಹಳ್ಳಗಳು ತಮ್ಮ ತಮ್ಮ ಪಾತ್ರದಲ್ಲಿ ಶುದ್ಧವಾಗಿ ಹರಿಯುತ್ತಲೇ ಇರುತ್ತವೆ. ಇಂದು ಕೂಡಿಸಿದ ಗುಂಪನ್ನು ನಾಳೆ ಒಡೆದು ಬೇರೆ ಬಗೆಯಾಗಿ ಕೂಡಿಸಬಹುದು. ಈ ಮಾತಿಗೆ ಕಡೆಯಲ್ಲಿ ಮತ್ತೆ ಬರುತ್ತೇನೆ.

ಗುಂಪುಗೂಡಿಸುವಾಗ ಮೊದಲು ಎಚ್ಚರ ವಹಿಸಬೇಕಾದದ್ದು ಮೊತ್ತದ ಬಗ್ಗೆ. ದನಿಯ ಮಟ್ಟವನ್ನು ಅಳೆಯುವ ಮಾನ ಡೆಸಿಬೆಲ್. ಒಂದಕ್ಕೊಂದು ಸಂಬಂಧವಿಲ್ಲದ, ಸಮಬಲದ ಎರಡು ದನಿಗಳನ್ನು ಕೂಡಿಸಿದರೆ ಮಟ್ಟ ಸುಮಾರು 3 ಡೆಸಿಬೆಲ್ ಏರುತ್ತದೆ; ಹದಿಮೂರನ್ನು ಕೂಡಿಸಿದರೆ ಸುಮಾರು 11. ಒಂದೊಂದು ಟ್ರ್ಯಾಕೂ ತಾನು ಮಾತ್ರ ಇದ್ದಾಗ ಸರಿಯಾಗಿಯೇ ಇರುತ್ತದೆ. ಕೂಡಿದಾಗ ಹೊಳೆ ದಂಡೆ ಮೀರುತ್ತದೆ. ಇಂದಿನ ತಂತ್ರಾಂಶದ ಒಳಗಣ ಲೆಕ್ಕಾಚಾರ ಬಹಳ ವಿಶಾಲವಾದದ್ದರಿಂದ ಒಳಗೆ ತುಸು ಮೀರಿದರೂ ದನಿ ಕೆಡುವುದಿಲ್ಲ. ಆದರೆ ಕಡೆಯಲ್ಲಿ ಕೇಳುಗರ ಕೈಗೆ ಕೊಡುವ ಮುದ್ರಿಕೆಗೆ ದಾಟಲಾಗದ ಒಂದು ಮೇಲಂಚು ಇದೆ. ಅಲ್ಲಿ ದನಿಯ ನೆತ್ತಿ ಕತ್ತರಿಸಿದಂತಾಗಿ ಕರಕರ ಎನ್ನತೊಡಗುತ್ತದೆ. ಆದಕಾರಣ ಮೊದಲೇ ಪ್ರತಿ ಟ್ರ್ಯಾಕನ್ನೂ ತಗ್ಗಿಸಿಟ್ಟುಕೊಂಡು, ಮೇಲೆ ಅವಕಾಶ ಬಿಟ್ಟು ಕೆಲಸ ಆರಂಭಿಸುವುದು ವಾಡಿಕೆ.

ಎರಡನೆಯ ಎಚ್ಚರ, ಯಾರನ್ನು ಯಾರ ಜೊತೆ ಕೂಡಿಸಬೇಕೆಂಬುದು. ನಾನು ಮಾಡಿದ ಮೊದಲ ತಪ್ಪು ಇಲ್ಲಿಯೇ. ಕಟ್ಟೆಯ ಮೇಲೆ ತಾಳದ ಹುಡುಗ ಹಿಮ್ಮೇಳದವರ ಮಗ್ಗುಲಲ್ಲೇ ಕುಳಿತಿದ್ದ. ನಾನು ಹೆಚ್ಚು ಯೋಚಿಸದೆ ಹಿಮ್ಮೇಳದ ಮೂವರನ್ನೂ ತಾಳವನ್ನೂ ಒಂದೇ ಗುಂಪಿಗೆ ಹಾಕಿ, ಆ ಗುಂಪಿನ ಮೇಲೆ ಒಂದು ಕಂಪ್ರೆಸರನ್ನು ಕೂರಿಸಿದೆ. ಕಂಪ್ರೆಸರೆಂದರೆ, ದನಿ ಒಂದು ಗೆರೆ ದಾಟಿದ ಕೂಡಲೆ ಅದನ್ನು ಅದುಮಿ ಹದಕ್ಕೆ ತರುವ ಸಾಧನ. ಬಿಡಿ ಟ್ರ್ಯಾಕಿನ ಮೇಲೆ ಕೂತಾಗ ಅದು ಆ ಒಂದು ದನಿಯನ್ನು ಕಾಯುತ್ತದೆ. ಗುಂಪಿನ ಮೇಲೆ ಕೂತಾಗ ಅದಕ್ಕೆ ಮುಖಗಳು ಕಾಣುವುದಿಲ್ಲ, ಮೊತ್ತ ಮಾತ್ರ ಕಾಣುತ್ತದೆ. ಹುಡುಗ ತಾಳ ಬಡಿದಾಗಲೆಲ್ಲ ಮೊತ್ತ ಗೆರೆ ದಾಟಿತು. ಕಂಪ್ರೆಸರು ಗುಂಪನ್ನೇ ಅದುಮಿತು. ತಾಳದ ಜೊತೆಗೆ ಅಜ್ಜನ ದನಿಯೂ ತಗ್ಗಿತು. ಗದ್ದಲ ಮಾಡಿದವನು ಒಬ್ಬ, ದಂಡ ತೆತ್ತವರು ನಾಲ್ವರು.

ಆಗ ನಾನು ಕಲಿತದ್ದು, ಜೊತೆಗೆ ಕುಳಿತವರೆಲ್ಲ ಒಂದೇ ಗುಂಪಿನವರಲ್ಲ ಎಂಬುದನ್ನು. ಗುಂಪನ್ನು ಮಾಡಬೇಕಾದದ್ದು ಆಟದಲ್ಲಿ ಅವರವರು ಮಾಡುವ ಕೆಲಸವನ್ನು ನೋಡಿ. ತಾಳವನ್ನು ತೆಗೆದು ತಬಲೆಯ ಗುಂಪಿಗೆ ಸೇರಿಸಿದೆ. ಹೊಡೆತವನ್ನು ಹೊಡೆತ ತಡೆದುಕೊಳ್ಳಬಲ್ಲದು. ಮುಂದಿನ ನಾಲ್ವರು ಹಾಡುಗಾರರದು ಒಂದು ಗುಂಪು, ಹಿಮ್ಮೇಳದ ಮೂವರದು ಒಂದು, ಬಯಲಿನ ಎರಡು ಮೈಕುಗಳದು ಒಂದು. ಪೇಟಿಯನ್ನು ಯಾವ ಗುಂಪಿಗೂ ಸೇರಿಸದೆ ಒಂಟಿಯಾಗಿ ಬಿಟ್ಟೆ. ಏಕೆಂದರೆ ಅದು ಒಮ್ಮೆ ಮುಂದಿನವರಿಗೆ, ಇನ್ನೊಮ್ಮೆ ಹಿಮ್ಮೇಳಕ್ಕೆ ಊರೆಗೋಲಾಗಿ ಓಡಾಡುವ ವಾದ್ಯ. ಎಲ್ಲವನ್ನೂ ಗುಂಪಿಗೆ ಸೇರಿಸಲೇಬೇಕೆಂಬ ಹಟ ಬೇಕಿಲ್ಲ.

ಇಷ್ಟಾದರೂ ಬಾವಿ ಬಾವಿಯಾಗಿಯೇ ಉಳಿದಿತ್ತು. ಅದರ ಮೂಲ ಬೇರೆ ಕಡೆ ಇತ್ತು.

ಯಾವುದೇ ದನಿ ನಮ್ಮ ಕಿವಿಗೆ ಎರಡು ರೂಪದಲ್ಲಿ ಬರುತ್ತದೆ. ಹಾಡುವವರ ಬಾಯಿಂದ ನೇರವಾಗಿ ಬಂದದ್ದು ಒಂದು. ಗೋಡೆ, ಕಂಬ, ಚಾವಣಿಗಳಿಗೆ ತಾಗಿ ತುಸು ತಡವಾಗಿ, ಮಸುಕಾಗಿ ಬಂದದ್ದು ಇನ್ನೊಂದು. ಈ ಎರಡನೆಯದಕ್ಕೆ ಅನುರಣನವೆನ್ನುತ್ತೇವೆ. ನೇರದ ದನಿ ಹೆಚ್ಚಾಗಿದ್ದು ಅನುರಣನ ಕಡಿಮೆಯಿದ್ದರೆ ಹಾಡುಗಾರ ಹತ್ತಿರವಿದ್ದಾನೆ ಎಂದು ಕಿವಿ ತಿಳಿಯುತ್ತದೆ. ನೇರದ ದನಿ ತಗ್ಗಿ ಅನುರಣನ ಹಾಗೆಯೇ ಉಳಿದರೆ ಆತ ದೂರ ಹೋಗಿದ್ದಾನೆ, ಅಥವಾ ಬಾವಿಯಲ್ಲಿದ್ದಾನೆ. ದೂರವನ್ನು ಕಿವಿ ಅಳೆಯುವ ಅಳತೆಗೋಲುಗಳಲ್ಲಿ ಈ ಎರಡರ ಪ್ರಮಾಣ ಬಹಳ ಮುಖ್ಯವಾದದ್ದು.

ಹತ್ತಿರ ಮೈಕು ಇಟ್ಟು ಹಿಡಿದ ದನಿಗೆ ಗುಡಿಯ ಕಟ್ಟೆಯ ಗಾಳಿ ಸಾಲದು. ಆದುದರಿಂದ ತಂತ್ರಾಂಶದಲ್ಲಿ ಒಂದು ಕೃತಕ ಮಂಟಪವನ್ನು ಕಟ್ಟಿ, ಎಲ್ಲ ಹಾಡುಗಾರರ ದನಿಯನ್ನೂ ಸ್ವಲ್ಪ ಸ್ವಲ್ಪ ಅದರೊಳಗೆ ಕಳುಹಿಸುವುದು ರೂಢಿ. ಒಬ್ಬೊಬ್ಬರಿಗೆ ಒಂದೊಂದು ಮಂಟಪ ಕಟ್ಟಿದರೆ ಅವರೆಲ್ಲ ಬೇರೆ ಬೇರೆ ಊರಿನಲ್ಲಿ ಕುಳಿತು ಹಾಡಿದಂತಾಗುತ್ತದೆ. ಎಲ್ಲರಿಗೂ ಒಂದೇ ಮಂಟಪವಿದ್ದರೆ ಒಂದೇ ಚಾವಣಿಯ ಕೆಳಗಿದ್ದಂತೆ ಕೇಳುತ್ತದೆ. ಹೀಗೆ ಟ್ರ್ಯಾಕಿನಿಂದ ಬದಿಗೆ ಒಂದು ಪಾಲನ್ನು ಕಳುಹಿಸುವ ದಾರಿಗೆ ಸೆಂಡು ಎಂದು ಹೆಸರು. ಹಿಡಕಲ್ ಜಲಾಶಯದಿಂದ ಕಾಲುವೆ ತೆಗೆದ ಹಾಗೆ ಎನ್ನಬಹುದು. ಆದರೆ ಕಾಲುವೆಗೆ ಹರಿದಷ್ಟು ನೀರು ಹೊಳೆಯಲ್ಲಿ ಕಡಿಮೆಯಾಗುತ್ತದೆ, ಸೆಂಡಿನಲ್ಲಿ ಹಾಗಿಲ್ಲ. ಅಲ್ಲಿ ಹೋಗುವುದು ದನಿಯ ಪ್ರತಿ. ಮೂಲದ ದನಿ ತುಂಬಿಯೇ ಹರಿಯುತ್ತದೆ. ಸೆಂಡನ್ನು ಟ್ರ್ಯಾಕಿನ ಫೇಡರಿನ ಮುಂಚೆಯೂ ತೆಗೆಯಬಹುದು, ಆಮೇಲೂ ತೆಗೆಯಬಹುದು. ಆಮೇಲೆ ತೆಗೆದರೆ, ಫೇಡರನ್ನು ಇಳಿಸಿದಾಗ ಮಂಟಪಕ್ಕೆ ಹೋಗುವ ಪಾಲೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ನಾನು ಆಮೇಲೆಯೇ ತೆಗೆದಿದ್ದೆ. ಅಷ್ಟರ ಮಟ್ಟಿಗೆ ನನ್ನ ಲೆಕ್ಕ ಸರಿ.

ತಪ್ಪಿದ್ದು ಮುಂದೆ. ಹಿಮ್ಮೇಳ ಸ್ವಲ್ಪ ಜೋರಾಯಿತೆಂದು ತೋರಿ ನಾನು ಗುಂಪಿನ ಫೇಡರನ್ನು 6 ಡೆಸಿಬೆಲ್ ಇಳಿಸಿದೆ. 6 ಡೆಸಿಬೆಲ್ ಎಂದರೆ ದನಿಯ ಅಲೆಯ ಎತ್ತರ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಂತೆ. ಗುಂಪಿನ ಮೂಲಕ ಹೋಗುತ್ತಿದ್ದ ನೇರದ ದನಿ ಅರ್ಧಕ್ಕೆ ಇಳಿಯಿತು. ಆದರೆ ಮಂಟಪಕ್ಕೆ ಹೋಗುವ ಸೆಂಡುಗಳು ಹೊರಟಿದ್ದುದು ಬಿಡಿ ಟ್ರ್ಯಾಕುಗಳಿಂದ; ಅಂದರೆ ಗುಂಪಿನ ಫೇಡರಿಗಿಂತ ಮೇಲಿನ ಹರಿವಿನಿಂದ. ಟ್ರ್ಯಾಕುಗಳ ಫೇಡರುಗಳನ್ನು ನಾನು ಮುಟ್ಟಿರಲೇ ಇಲ್ಲ. ಆದ್ದರಿಂದ ಮಂಟಪಕ್ಕೆ ಮೊದಲಿನಷ್ಟೇ ದನಿ ಹೋಗುತ್ತಲೇ ಇತ್ತು. ಕೆಳಗಿನ ಅಣೆಕಟ್ಟಿನ ಬಾಗಿಲನ್ನು ಅರ್ಧ ಮುಚ್ಚಿದರೆ ಮೇಲೆಯೇ ಕವಲೊಡೆದ ಕಾಲುವೆಗೆ ಅದರ ಸುದ್ದಿಯೇ ತಿಳಿಯದಷ್ಟೆ! ಹೀಗೆ ಹಿಮ್ಮೇಳದ ಬಾಯಿ ತಗ್ಗಿತು, ಅವರ ಪ್ರತಿಧ್ವನಿ ತಗ್ಗಲಿಲ್ಲ. ಅಜ್ಜ ಹೇಳಿದ ಬಾವಿ ಇದೇ. ತೆರೆಯ ಮೇಲೆ ಎಲ್ಲ ಗುಂಡಿಗಳೂ ಸರಿಯಾದ ಜಾಗದಲ್ಲಿದ್ದವು, ದಾರಿ ತಪ್ಪಿತ್ತು.

ಇದಕ್ಕೆ ಪರಿಹಾರ ಎರಡು ಬಗೆ. ಮೊದಲನೆಯದು, ಮಂಟಪದ ಸೆಂಡನ್ನು ಬಿಡಿ ಟ್ರ್ಯಾಕುಗಳಿಂದ ಕಿತ್ತು ಗುಂಪಿನಿಂದಲೇ, ಅದೂ ಗುಂಪಿನ ಫೇಡರಿನ ಆಮೇಲೆ, ಹೊರಡಿಸುವುದು. ಆಗ ಗುಂಪು ತಗ್ಗಿದರೆ ಅನುರಣನವೂ ತಗ್ಗುತ್ತದೆ. ಸರಳವಾದ ದಾರಿ, ಆದರೆ ಗುಂಪಿನ ಮೂವರಿಗೂ ಒಂದೇ ಪ್ರಮಾಣದ ಅನುರಣನ. ಅಜ್ಜನ ದನಿ ವಯಸ್ಸಿನಿಂದ ತೆಳುವಾಗಿತ್ತು. ಉಳಿದಿಬ್ಬರ ತುಂಬಿದ ಕಂಠಕ್ಕೆ ಒಪ್ಪುವಷ್ಟು ಅನುರಣನವನ್ನು ಅದಕ್ಕೆ ಕೊಟ್ಟರೆ ನೀರಿಗೆ ಬಿದ್ದ ಕಾಗದದಂತೆ ಅದರ ಅಂಚು ಕರಗುತ್ತಿತ್ತು.

ಎರಡನೆಯದು ಗುಂಪಿನ ಬಗೆಯನ್ನೇ ಬದಲಿಸುವುದು. ಇಲ್ಲಿ ಒಂದು ಸೂಕ್ಷ್ಮವಿದೆ. ಹೊಸಬರು ಸಾಮಾನ್ಯವಾಗಿ ಎಡವುವ ಜಾಗ ಇದು. ನಾವು ಗುಂಪು ಎಂಬ ಒಂದೇ ಮಾತಿನಿಂದ ಕರೆಯುವುದು ನಿಜಕ್ಕೂ ಎರಡು ವಸ್ತುಗಳನ್ನು. ಒಂದು, ದನಿಗಳು ನಿಜವಾಗಿ ಹರಿದು ಬಂದು ಸೇರುವ ಗುಂಪು, ಅದೇ ಬಸ್ಸು. ಇನ್ನೊಂದರಲ್ಲಿ ದನಿಗಳು ಸೇರುವುದೇ ಇಲ್ಲ, ಆಜ್ಞೆ ಮಾತ್ರ ಸೇರುತ್ತದೆ. ಒಂದು ಯಜಮಾನ ಫೇಡರನ್ನು ಇಳಿಸಿದರೆ ಅದರ ಅಧೀನದ ಬಿಡಿ ಟ್ರ್ಯಾಕುಗಳೆಲ್ಲ ತಮ್ಮ ತಮ್ಮ ಜಾಗದಲ್ಲಿಯೇ, ತಮ್ಮತಮ್ಮೊಳಗಿನ ಹದ ಕೆಡದಂತೆ ಇಳಿಯುತ್ತವೆ. ಇದಕ್ಕೆ ವಿಸಿಎ ಗುಂಪು ಎನ್ನುತ್ತಾರೆ. ವಿದ್ಯುತ್ತಿನ ಒತ್ತಡದಿಂದ ದನಿಯ ಮಟ್ಟವನ್ನು ನಿಯಂತ್ರಿಸುತ್ತಿದ್ದ ದೊಡ್ಡ ಮಿಕ್ಸಿಂಗ್ ಮೇಜುಗಳ ಕಾಲದಿಂದ ಉಳಿದುಬಂದ ಹೆಸರು ಅದು. ಈ ಬಗೆಯಲ್ಲಿ ಟ್ರ್ಯಾಕಿನ ಮಟ್ಟವೇ ಇಳಿಯುವುದರಿಂದ ಅದರಿಂದ ಹೊರಟ ಸೆಂಡೂ ಇಳಿಯುತ್ತದೆ. ಅಜ್ಜನಿಗೆ ಕಡಿಮೆ, ಉಳಿದವರಿಗೆ ಹೆಚ್ಚು ಎಂಬ ಬಿಡಿ ಏರ್ಪಾಟೂ ಹಾಗೆಯೇ ಉಳಿಯುತ್ತದೆ. ಆದರೆ ಇಂಥ ಗುಂಪಿನ ಮೇಲೆ ಕಂಪ್ರೆಸರನ್ನು ಕೂರಿಸಲಾಗದು. ಅಲ್ಲಿ ಅದುಮಲು ದನಿಯೇ ಇಲ್ಲವಲ್ಲ!

ಲಾಜಿಕ್ ಎಂಬ ತಂತ್ರಾಂಶದಲ್ಲಿ ಈ ಎರಡು ಬಗೆಗಳಿಗೆ ಸಮ್ಮಿಂಗ್ ಸ್ಟ್ಯಾಕ್, ಫೋಲ್ಡರ್ ಸ್ಟ್ಯಾಕ್ ಎಂದು ಬೇರೆ ಬೇರೆ ಹೆಸರುಗಳಿವೆ. ರೀಪರ್‌ನಲ್ಲಿ ಒಂದು ಟ್ರ್ಯಾಕಿನ ಕೆಳಗೆ ಉಳಿದವನ್ನು ಮಕ್ಕಳಂತೆ ಇಟ್ಟರೆ ಆ ತಾಯಿ ಟ್ರ್ಯಾಕೇ ಬಸ್ಸಾಗುತ್ತದೆ. ಪ್ರೋ ಟೂಲ್ಸ್, ಆರ್ಡರ್ ಮೊದಲಾದವುಗಳಲ್ಲಿಯೂ ಎರಡು ಬಗೆಗಳುಂಟು. ಹೆಸರು ಯಾವುದೇ ಇರಲಿ, ಗುಂಪು ಮಾಡುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ನನಗೆ ಬೇಕಾದದ್ದು ಈ ದನಿಗಳ ಮಿಶ್ರಣವೋ, ಇವುಗಳ ಮೇಲಿನ ಒಂದು ಹಿಡಿತವೋ? ಎರಡೂ ಬೇಕಾದಾಗ ಎರಡನ್ನೂ ಇಟ್ಟುಕೊಳ್ಳಬಹುದು. ನಾನು ಕಡೆಗೆ ಹಾಗೆಯೇ ಮಾಡಿದೆ. ಹಿಮ್ಮೇಳದ ಮೂವರನ್ನು ಒಂದು ಬಸ್ಸಿಗೆ ಹತ್ತಿಸಿ, ಅದರ ಮೇಲೆ ಮೆದುವಾದ ಒಂದು ಕಂಪ್ರೆಸರು ಇಟ್ಟು, ಆ ಬಸ್ಸಿನ ಫೇಡರನ್ನು ಮತ್ತೆ ಮುಟ್ಟಲಿಲ್ಲ. ಏರಿಳಿತವನ್ನೆಲ್ಲ ವಿಸಿಎಯಿಂದ ಮಾಡಿದೆ. ಮುಂದಿನವರು ಸಾಲನ್ನು ಬಿಟ್ಟುಕೊಟ್ಟ ಕಡೆ ಹಿಮ್ಮೇಳವನ್ನು ತುಸು ಎತ್ತಿದೆ, ಅವರು ಮರಳಿ ಹಿಡಿದಾಗ ಇಳಿಸಿದೆ. ಜಮಖಾನೆಯ ಮೇಲೆ ಕುಳಿತಿದ್ದಾಗ ಅವರು ತಾವಾಗಿಯೇ ಮಾಡುತ್ತಿದ್ದುದೂ ಅದನ್ನೇ.

ಅಜ್ಜ ಎರಡನೆಯ ಸಲ ಕೇಳಿ ಏನೂ ಹೇಳಲಿಲ್ಲ. ಒಳಗೆ ಹೋಗಿ ಹಳೆಯ ಬಟ್ಟೆಯಲ್ಲಿ ಸುತ್ತಿದ್ದ ಒಂದು ಕ್ಯಾಸೆಟ್ಟನ್ನು ತಂದು ನನ್ನ ಮುಂದಿಟ್ಟರು. 1980ರ ದಶಕದಲ್ಲಿ ಯಾರೋ ಆಟದ ರಾತ್ರಿ ಪೇಟಿಯ ಮಗ್ಗುಲಲ್ಲಿ ಟೇಪ್‌ರೆಕಾರ್ಡರ್ ಇಟ್ಟು ಹಿಡಿದದ್ದು. ಅದರಲ್ಲಿ ಅಜ್ಜನ ಗುರುಗಳ ದನಿ ಇದೆ. ಇದೆ ಎಂದು ಗೊತ್ತಿರುವವರಿಗೆ ಮಾತ್ರ ಕೇಳುತ್ತದೆ. “ನಮ್ಮ ಗುರುವಿನ ದನಿ ಪೇಟಿ ನುಂಗೇತಿ. ಅದಕ್ಕ ನಿನಗ ಅಷ್ಟು ಹೇಳಿದ್ನಿ” ಎಂದರು. ಮೊದಲ ದಿನ ಅವರು ಆಡಿದ ಮಾತಿನ ತೂಕ ನನಗೆ ಆಗ ತಿಳಿಯಿತು.

ಕ್ಯಾಸೆಟ್ಟಿನ ಮಾತು ಬಂದದ್ದರಿಂದ, ಒಮ್ಮೆ ಬೆರೆತದ್ದನ್ನು ಬಿಡಿಸುವ ವಿಷಯವಾಗಿ ಎರಡು ಮಾತು. ಬೀಟಲ್ಸ್ ತಂಡ ತನ್ನ ಪ್ರಸಿದ್ಧ ‘ಸಾರ್ಜೆಂಟ್ ಪೆಪ್ಪರ್ಸ್’ ಮುದ್ರಿಕೆಯನ್ನು 1967ರಲ್ಲಿ ಹೊರತಂದಾಗ ಅವರಿಗೆ ದೊರೆತಿದ್ದುದು ನಾಲ್ಕೇ ಟ್ರ್ಯಾಕಿನ ಯಂತ್ರಗಳು. ನಾಲ್ಕೂ ತುಂಬಿದ ಮೇಲೆ ಅವನ್ನು ಬೆರೆಸಿ ಇನ್ನೊಂದು ಯಂತ್ರದ ಒಂದೆರಡು ಟ್ರ್ಯಾಕಿಗೆ ಇಳಿಸಿ, ಉಳಿದ ಜಾಗದಲ್ಲಿ ಹೊಸ ದನಿಗಳನ್ನು ಸೇರಿಸುತ್ತಿದ್ದರು. ಅದೂ ಗುಂಪುಗೂಡಿಸುವಿಕೆಯೇ; ಆದರೆ ಇಳಿಸಿದ ಆ ಟ್ರ್ಯಾಕಿನೊಳಗೆ ಮರಳಿ ಕೈಯಾಡಿಸುವಂತಿರಲಿಲ್ಲ. ಮುಂದೆ ಟ್ರ್ಯಾಕುಗಳು ಹೆಚ್ಚಿದವು, ಗಣಕಯಂತ್ರ ಬಂತು, ಗುಂಪುಗಳು ಬೇಕೆಂದಾಗ ಕಟ್ಟಿ ಬೇಡವೆಂದಾಗ ಬಿಚ್ಚುವಂಥವಾದವು. ಈಚೆಗೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಜಾನ್ ಲೆನನ್ ಕ್ಯಾಸೆಟ್ಟಿನಲ್ಲಿ ಪಿಯಾನೋ ನುಡಿಸುತ್ತ ಹಾಡಿಟ್ಟಿದ್ದ ಒಂದು ಹಾಡಿನಿಂದ ಆತನ ಕಂಠವನ್ನು ಗಣಕಯಂತ್ರದ ಕಲಿಕೆಯ ಬಲದಿಂದ ಬೇರ್ಪಡಿಸಿ, ‘ನೌ ಅಂಡ್ ದೆನ್’ ಎಂಬ ಹೆಸರಿನಲ್ಲಿ 2023ರಲ್ಲಿ ಹೊರತಂದರು. ಆ ಬಗೆಯ ತಂತ್ರಾಂಶಗಳು ಈಗ ಸಾಮಾನ್ಯರ ಕೈಗೂ ಎಟಕುತ್ತವೆ.

ಅಜ್ಜನ ಕ್ಯಾಸೆಟ್ಟಿನ ಮೇಲೆಯೂ ನಾನು ಅದನ್ನು ಪ್ರಯೋಗಿಸಿ ನೋಡಿದೆ. ಪೇಟಿ ಸ್ವಲ್ಪ ಹಿಂದೆ ಸರಿಯಿತು. ಗುರುಗಳ ದನಿ ಸ್ವಲ್ಪ ಮುಂದೆ ಬಂತು. ಆದರೆ ಪೇಟಿಯೂ ಕಂಠವೂ ಒಂದೇ ಸ್ವರದಲ್ಲಿ ನಿಂತ ಕಡೆಗಳಲ್ಲಿ ಯಂತ್ರ ಊಹಿಸುತ್ತದೆ. ಊಹಿಸಿದ ದನಿಯಲ್ಲಿ ಗುರುಗಳ ಗಮಕವಿದೆಯೋ ಯಂತ್ರದ ಗಮಕವಿದೆಯೋ ಹೇಳುವುದು ಕಷ್ಟ. ಆದುದರಿಂದ ನನ್ನ ವೃತ್ತಿಯ ಕಿರಿಯರಿಗೆ ನಾನು ಹೇಳುವುದಿಷ್ಟು: ಮುಂದೊಂದು ದಿನ ಯಂತ್ರ ಬಿಡಿಸೀತೆಂದು ಇಂದು ಕಲಸಿಡಬೇಡಿ. ಗುಂಪನ್ನು ಎಷ್ಟು ಬೇಕಾದರೂ ಮಾಡಿ, ಬಿಡಿ ಟ್ರ್ಯಾಕುಗಳನ್ನು ಹಾಗೆಯೇ ಕಾಪಾಡಿ. ಯಾವ ಟ್ರ್ಯಾಕಿನಲ್ಲಿ ಯಾರ ದನಿ ಇದೆ, ಯಾವುದು ಯಾವ ದಾರಿಯಲ್ಲಿ ಹೋಗಿದೆ ಎಂದು ಅಚ್ಚಗನ್ನಡದಲ್ಲಿ ಹೆಸರು ಬರೆದಿಡಿ. ‘ಆಡಿಯೋ 07’ ಎಂದು ಬಿಟ್ಟರೆ ಹತ್ತು ವರ್ಷದ ಮೇಲೆ ಬರೆದವನಿಗೂ ಅದು ಯಾರೆಂದು ತಿಳಿಯದು. ತಂತ್ರಾಂಶವೇ ಮರೆಯಾದೀತೆಂಬ ಭಯವಿರುವುದರಿಂದ ಪ್ರತಿ ಟ್ರ್ಯಾಕನ್ನೂ ಆರಂಭದಿಂದ ಅಂತ್ಯದವರೆಗೆ ಒಂದೇ ಉದ್ದದ ಸಾಮಾನ್ಯ ವೇವ್ ಕಡತವಾಗಿಯೂ ತೆಗೆದಿಡಿ. ಯಾವ ಕಾಲದಲ್ಲಿ ಯಾರು ತೆರೆದರೂ ಎಲ್ಲವನ್ನೂ ಸಾಲಾಗಿ ಜೋಡಿಸಿದರೆ ಹಾಡು ಮತ್ತೆ ಕೂಡಿಕೊಳ್ಳುತ್ತದೆ.

ನಮ್ಮ ಅಜ್ಜ 2021ರಲ್ಲಿ ತೀರಿಕೊಂಡರು. ಕೆಲವು ತಿಂಗಳ ಮೇಲೆ ಅವರ ಮೊಮ್ಮಗ ನನ್ನನ್ನು ಹುಡುಕಿಕೊಂಡು ಬಂದ. ಅವನೂ ಹಿಮ್ಮೇಳಕ್ಕೆ ನಿಲ್ಲತೊಡಗಿದ್ದ. ಸಾಲನ್ನು ಎತ್ತಿಕೊಳ್ಳುವಾಗ ಅಜ್ಜ ಹಾಕುತ್ತಿದ್ದ ಒಂದು ತಿರುವು ಎಷ್ಟು ಕೇಳಿದರೂ ಕೈಗೆ ಸಿಗುತ್ತಿಲ್ಲ, ಅಜ್ಜನ ದನಿಯೊಂದನ್ನೇ ಬೇರೆ ತೆಗೆದುಕೊಡಲು ಆಗುತ್ತದೆಯೇ ಎಂದು ಕೇಳಿದ. ಆ ಟ್ರ್ಯಾಕನ್ನು ತೆರೆದು ಉಳಿದೆಲ್ಲವನ್ನೂ ಮೌನಗೊಳಿಸಿದೆ. ಅಜ್ಜ ಹತ್ತಿರ ಬಂದು ಕುಳಿತಂತಾಯಿತು. ಉಸಿರು ಕೇಳಿತು, ಸಾಲು ಎತ್ತುವ ಮುನ್ನ ಗಂಟಲು ಸರಿಮಾಡಿಕೊಂಡದ್ದೂ ಕೇಳಿತು. ಅದರ ಹಿಂದೆ, ತೆಳ್ಳಗೆ, ಸತ್ಯಭಾಮೆ ಹಾಡುತ್ತಿದ್ದಳು, ತಾಳ ಬೀಳುತ್ತಿತ್ತು, ಪೇಟಿ ಇತ್ತು. ಒಂದು ಕಟ್ಟೆಯ ಮೇಲೆ ಕೂಡಿ ಕುಳಿತು ಹಾಡಿದಾಗ ಒಬ್ಬರ ಮೈಕಿಗೆ ಇನ್ನೊಬ್ಬರ ದನಿ ಬೀಳದೆ ಇರುವುದಿಲ್ಲ. ಎಷ್ಟು ಹತ್ತಿರ ಇಟ್ಟರೂ ಬೀಳುತ್ತದೆ. ಅದನ್ನು ಪೂರ್ತಿ ಅಳಿಸಹೋದರೆ ಅಜ್ಜನ ದನಿಯೂ ಸವೆಯುತ್ತದೆಂದು ಹುಡುಗನಿಗೆ ತಿಳಿಸಿ ಹೇಳಿ, ಕ್ಷಮೆ ಕೇಳುವ ದನಿಯಲ್ಲಿ, ಇದಕ್ಕಿಂತ ಹೆಚ್ಚು ಬಿಡಿಸಲಾಗದಪ್ಪ ಎಂದೆ.

ಅವನು ಹೆಡ್‌ಫೋನನ್ನು ತೆಗೆಯದೆ ಕೈಸನ್ನೆಯಿಂದ ನನ್ನನ್ನು ತಡೆದ. “ಇರಲಿ ಬಿಡ್ರಿ. ನಮ್ಮಜ್ಜ ಒಬ್ಬನ ಯಾವಾಗ ಹಾಡ್ಯಾನ್ರಿ?” ಎಂದು ಮತ್ತೊಮ್ಮೆ ಮೊದಲಿನಿಂದ ಹಚ್ಚಲು ಹೇಳಿದ.